ಕೈಕುಲುಕುವ ಸಾಲಿನಲ್ಲಿ ಕೈ ಮಾಡಿದ ಕೋಚ್: ಹೋವರ್ಡ್–ಗಾರ್ಡ್ ಪ್ರಕರಣ

ಪಂದ್ಯ ಮುಗಿಯಲು ಹದಿನೈದು ಸೆಕೆಂಡು ಬಾಕಿ. ಆತಿಥೇಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡ ಹದಿನೈದು ಅಂಕ ಮುಂದಿತ್ತು. ಬ್ಯಾಸ್ಕೆಟ್‌ಬಾಲ್ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ಆಟ ಅಲ್ಲಿಗೆ ಮುಗಿದಂತೆಯೇ. ಪ್ರೇಕ್ಷಕರು ಎದ್ದು ಹೊರಡುವ ಹೊತ್ತು ಅದು. ಆ ಹೊತ್ತಿನಲ್ಲಿ ವಿಸ್ಕಾನ್ಸಿನ್ ಕೋಚ್ ಗ್ರೆಗ್ ಗಾರ್ಡ್ ಟೈಮ್‌ಔಟ್ ಕೇಳಿದರು. ಎದುರಾಳಿ ಮಿಷಿಗನ್ ತಂಡದ ಕೋಚ್ ಜುವಾನ್ ಹೋವರ್ಡ್ ಅದನ್ನು ತಮಗೆ ಮಾಡಿದ ಅವಮಾನವೆಂದು ತೆಗೆದುಕೊಂಡರು. ಕೆಲವೇ ನಿಮಿಷಗಳಲ್ಲಿ ಕೋಚ್‌ಗಳು, ಸಹಾಯಕರು, ಆಟಗಾರರು ಒಬ್ಬರ ಮೈಮೇಲೊಬ್ಬರು ಬಿದ್ದಿದ್ದರು. ಮರುದಿನದ ಹೊತ್ತಿಗೆ ಇಬ್ಬರು ಕೋಚ್‌ಗಳಿಗೆ ದಂಡ, ಒಬ್ಬ ಕೋಚ್‌ಗೆ ಮತ್ತು ಮೂವರು ಆಟಗಾರರಿಗೆ ಅಮಾನತು ಆಗಿತ್ತು.

ಇದು 2022ರ ಫೆಬ್ರುವರಿ 20ರ ಭಾನುವಾರ, ಅಮೆರಿಕದ ಮ್ಯಾಡಿಸನ್ ನಗರದ ಕೋಲ್ ಸೆಂಟರ್‌ನಲ್ಲಿ ನಡೆದದ್ದು. ಅಂತಿಮ ಅಂಕ ವಿಸ್ಕಾನ್ಸಿನ್ 77, ಮಿಷಿಗನ್ 63. ಕಾಲೇಜು ಕ್ರೀಡೆಯಲ್ಲಿ ಕೋಚ್‌ಗಳ ಶಿಸ್ತಿನ ಮಾತು ಬಂದಾಗಲೆಲ್ಲ ಈ ಪ್ರಕರಣವನ್ನು ಎತ್ತಿಕೊಳ್ಳುವುದುಂಟು. ‘ಕೋಪ ಬಂತು, ಹೊಡೆದ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ ಮುಖ್ಯವಾದದ್ದೆಲ್ಲ ಕೈತಪ್ಪುತ್ತದೆ. ಹೊಡೆತಕ್ಕೆ ಮುಂಚೆ ಮೂರು ಹಂತಗಳಿದ್ದವು. ಮೂರರಲ್ಲೂ ಯಾರಾದರೊಬ್ಬರು ಸುಮ್ಮನಿದ್ದಿದ್ದರೆ ಸಾಕಿತ್ತು.

ಟೈಮ್‌ಔಟ್ ಏಕೆ

ಮೊದಲು ಗಾರ್ಡ್ ಅವರ ಲೆಕ್ಕಾಚಾರ. ಗೆಲುವು ಖಚಿತವಾದ ಮೇಲೆ ಅವರು ಮುಖ್ಯ ಆಟಗಾರರನ್ನು ಕೂರಿಸಿ, ಹೆಚ್ಚು ಆಡಲು ಅವಕಾಶ ಸಿಗದ ಬೆಂಚಿನ ಹುಡುಗರನ್ನು ಕಣಕ್ಕಿಳಿಸಿದ್ದರು. ಆದರೆ ಮಿಷಿಗನ್ ಇನ್ನೂ ಕೋರ್ಟಿನ ಉದ್ದಕ್ಕೂ ಪ್ರೆಸ್ ಮಾಡುತ್ತಿತ್ತು. ಅಂದರೆ ಎದುರಾಳಿಗೆ ಚೆಂಡನ್ನು ಮುಂದಕ್ಕೆ ಒಯ್ಯಲು ಬಿಡದೆ, ಅವರ ತುದಿಯಲ್ಲೇ ಮುತ್ತಿಕೊಂಡು ಒತ್ತಡ ಹೇರುತ್ತಿತ್ತು. ಚೆಂಡು ಸಿಕ್ಕ ತಂಡ ಅದನ್ನು ಹತ್ತು ಸೆಕೆಂಡಿನೊಳಗೆ ಮಧ್ಯಗೆರೆ ದಾಟಿಸಬೇಕು. ಗಾರ್ಡ್ ಪಂದ್ಯದ ನಂತರ ಹೇಳಿದ್ದು ಇಷ್ಟು: ಆ ಹತ್ತರಲ್ಲಿ ನಾಲ್ಕು ಸೆಕೆಂಡು ಮಾತ್ರ ಉಳಿದಿತ್ತು, ಬೆಂಚಿನಿಂದ ಬಂದ ಹುಡುಗರನ್ನು ಆ ಇಕ್ಕಟ್ಟಿಗೆ ತಳ್ಳಲು ಮನಸ್ಸಾಗಲಿಲ್ಲ, ಟೈಮ್‌ಔಟ್ ತೆಗೆದುಕೊಂಡರೆ ಹೊಸದಾಗಿ ಹತ್ತು ಸೆಕೆಂಡು ಸಿಗುತ್ತದೆ, ಹುಡುಗರನ್ನು ಸರಿಯಾಗಿ ನಿಲ್ಲಿಸಬಹುದು.

ಹೋವರ್ಡ್ ಅವರ ವಾದವೂ ಅಷ್ಟೇ ನೇರ. ಅಷ್ಟು ದೊಡ್ಡ ಮುನ್ನಡೆ ಇರುವಾಗ ಆ ಟೈಮ್‌ಔಟ್‌ನ ಅಗತ್ಯವೇ ಇರಲಿಲ್ಲ, ಅದು ತನಗೆ ಹಿಡಿಸಲಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಸೋತ ತಂಡವನ್ನು ಮತ್ತಷ್ಟು ಕೆಣಕಬಾರದು, ಗೆದ್ದವನು ಗಡಿಯಾರ ಓಡಲು ಬಿಡಬೇಕು ಎಂಬುದು ಆ ಆಟದಲ್ಲಿ ಯಾವ ಪುಸ್ತಕದಲ್ಲೂ ಬರೆಯದ, ಆದರೆ ಎಲ್ಲರೂ ಒಪ್ಪಿಕೊಂಡು ಬಂದಿರುವ ಮರ್ಯಾದೆ. ಹೋವರ್ಡ್ ನಿಂತಿದ್ದು ಅದರ ಮೇಲೆ.

ನನ್ನ ತೂಕ ಇಲ್ಲಿ ಗಾರ್ಡ್ ಕಡೆಗೆ ಬೀಳುತ್ತದೆ. ಬರೆಯದ ಮರ್ಯಾದೆ ಎರಡೂ ಕಡೆಗೆ ಅನ್ವಯಿಸಬೇಕು. ಹದಿನೈದು ಅಂಕ ಹಿಂದಿದ್ದುಕೊಂಡು, ಕೊನೆಯ ಅರ್ಧ ನಿಮಿಷದಲ್ಲಿ, ಎದುರಾಳಿಯ ಬೆಂಚಿನ ಹುಡುಗರ ಮೇಲೆ ಪ್ರೆಸ್ ಹೇರುವ ಕೋಚ್ ತಾನಿನ್ನೂ ಆಟ ಬಿಟ್ಟುಕೊಟ್ಟಿಲ್ಲ ಎಂದು ಸಾರುತ್ತಿದ್ದಾನೆ. ಹಾಗೆ ಆಡುವ ಹಕ್ಕು ಅವನಿಗುಂಟು, ಕೊನೆಯ ಗಳಿಗೆವರೆಗೂ ಹೋರಾಡಿ ಎಂದು ಹುಡುಗರಿಗೆ ಕಲಿಸುವುದು ತಪ್ಪೇನಲ್ಲ. ಆದರೆ ತಾನು ಆಟ ಮುಂದುವರಿಸಿ, ಎದುರಿನವನು ಮಾತ್ರ ಆಟ ಮುಗಿಯಿತೆಂದು ನಡೆದುಕೊಳ್ಳಲಿ ಎಂದು ನಿರೀಕ್ಷಿಸುವುದು ಹೇಗೆ? ಟೈಮ್‌ಔಟ್ ನಿಯಮದ ಒಳಗೇ ಇತ್ತು. ಪ್ರೆಸ್ ನಡೆಯುತ್ತಿದ್ದುದರಿಂದ ಮರ್ಯಾದೆಯ ಒಳಗೂ ಇತ್ತು.

ಸಾಲಿನಲ್ಲಿ ನಡೆದದ್ದು

ಅಮೆರಿಕದ ಕಾಲೇಜು ಪಂದ್ಯಗಳು ಮುಗಿದ ಕೂಡಲೇ ಎರಡೂ ತಂಡಗಳು ಎದುರುಬದುರಾಗಿ ಸಾಲಿನಲ್ಲಿ ಸಾಗುತ್ತ ಕೈಕುಲುಕುತ್ತವೆ. ಸಾಮಾನ್ಯವಾಗಿ ಮುಖ್ಯ ಕೋಚ್‌ಗಳು ಮುಂದೆ, ಸಹಾಯಕರು ಮತ್ತು ಆಟಗಾರರು ಹಿಂದೆ. ಗೆದ್ದವನ ಉಬ್ಬು, ಸೋತವನ ಉರಿ ಎರಡೂ ಇನ್ನೂ ಮೈಯಲ್ಲಿರುವಾಗಲೇ, ಬೆವರು ಆರುವ ಮುನ್ನವೇ ಈ ಶಾಸ್ತ್ರ ನಡೆದುಹೋಗಬೇಕು. ಇದರ ಸೊಗಸೂ ಅದೇ, ಅಪಾಯವೂ ಅದೇ.

ಆ ದಿನದ ದೃಶ್ಯವನ್ನು ನಿಧಾನವಾಗಿ ನೋಡಿದರೆ ಹಂತಗಳು ಸ್ಪಷ್ಟವಾಗುತ್ತವೆ. ಹೋವರ್ಡ್ ಗಾರ್ಡ್ ಅವರ ಮುಖ ನೋಡದೆ ದಾಟಿಹೋಗುವ ಅಂದಾಜಿನಲ್ಲಿದ್ದಾರೆ. ದಾಟುವಾಗ ಆ ಟೈಮ್‌ಔಟ್ ಅನ್ನು ನೆನಪಿಟ್ಟುಕೊಳ್ಳುತ್ತೇನೆ ಎನ್ನುವ ಮಾತು ಬರುತ್ತದೆ. ಗಾರ್ಡ್ ಅಷ್ಟಕ್ಕೆ ಬಿಡುವುದಿಲ್ಲ. ಕಾರಣ ವಿವರಿಸಬೇಕೆಂದು ಹೋವರ್ಡ್ ಅವರ ತೋಳಿಗೆ ಕೈ ಹಾಕಿ ತಡೆಯುತ್ತಾರೆ. ಹೋವರ್ಡ್ ತಿರುಗಿ ನಿಂತು ಗಾರ್ಡ್ ಅವರ ಮುಖದತ್ತ ಬೆರಳು ತೋರಿಸುತ್ತಾರೆ, ಮರುಕ್ಷಣ ಅವರ ಎದೆಯ ಬಳಿಯ ಬಟ್ಟೆ ಹಿಡಿಯುತ್ತಾರೆ. ಸುತ್ತಲಿದ್ದವರು ನಡುವೆ ಬಂದು ಬಿಡಿಸುತ್ತಾರೆ.

ಜಗಳ ಅಲ್ಲಿಗೆ ನಿಂತಿದ್ದರೆ ಮರುದಿನದ ಪತ್ರಿಕೆಗಳಲ್ಲಿ ಅದು ಒಂದು ಸಣ್ಣ ಸುದ್ದಿಯಾಗಿ ಮುಗಿಯುತ್ತಿತ್ತು. ಆದರೆ ಬಿಡಿಸಲು ಬಂದವರೇ ಒಂದು ಗುಂಪಾದರು. ಎರಡೂ ಕಡೆಯ ಸಹಾಯಕರು ಮಾತಿಗೆ ಮಾತು ಬೆಳೆಸಿದರು. ಆ ನೂಕುನುಗ್ಗಲಿನೊಳಗೆ ಆರು ಅಡಿ ಒಂಬತ್ತು ಅಂಗುಲ ಎತ್ತರದ ಹೋವರ್ಡ್ ಮುಂದೆ ಬಾಗಿ, ಉಳಿದವರ ನಡುವಿನಿಂದ ಕೈ ಚಾಚಿ, ತೆರೆದ ಅಂಗೈಯಿಂದ ವಿಸ್ಕಾನ್ಸಿನ್‌ನ ಸಹಾಯಕ ಕೋಚ್ ಜೋ ಕ್ರಾಬೆನ್‌ಹಾಫ್ಟ್ ಅವರ ತಲೆಯ ಪಕ್ಕಕ್ಕೆ ಹೊಡೆದರು. ಹೊಡೆತ ಬಲವಾದದ್ದೇನಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮುಖ್ಯ ಕೋಚ್‌ನ ಕೈ ಮೇಲೆದ್ದದ್ದೇ ತಡ, ಹುಡುಗರೂ ಕೈ ಬೀಸತೊಡಗಿದರು. ಮಿಷಿಗನ್‌ನ ಮೂಸಾ ಡಿಯಾಬಾಟೆ ಮತ್ತು ಟೆರನ್ಸ್ ವಿಲಿಯಮ್ಸ್, ವಿಸ್ಕಾನ್ಸಿನ್‌ನ ಜಕೋಬಿ ನೀತ್ ಹೊಡೆದಾಟಕ್ಕಿಳಿದದ್ದು ನೇರ ಪ್ರಸಾರದಲ್ಲೇ ದಾಖಲಾಯಿತು.

ಈ ಕ್ರಮ ಮುಖ್ಯ. ಆಟಗಾರರು ಜಗಳ ಶುರುಮಾಡಿ ಕೋಚ್‌ಗಳು ಬಿಡಿಸಲು ಓಡಿಬಂದದ್ದಲ್ಲ. ಕೋಚ್‌ಗಳು ಶುರುಮಾಡಿದರು, ಆಟಗಾರರು ಸೇರಿಕೊಂಡರು. ಮಿಷಿಗನ್ ಬೆಂಚಿನಲ್ಲಿ ಹೋವರ್ಡ್ ಅವರ ಸ್ವಂತ ಮಗ ಜೇಸ್ ಕೂಡ ಆಟಗಾರನಾಗಿದ್ದ ಎಂಬುದನ್ನು ಇಲ್ಲಿ ಸೇರಿಸಬೇಕು.

ಎರಡನೆಯ ಹಂತದಲ್ಲಿ ತಪ್ಪು ಗಾರ್ಡ್ ಅವರದು ಎನ್ನಲು ನನಗೆ ಹಿಂಜರಿಕೆಯಿಲ್ಲ. ಸಿಟ್ಟಿನಲ್ಲಿ ದಾಟಿಹೋಗುತ್ತಿರುವವನನ್ನು ತಡೆದು ನಿಲ್ಲಿಸಿ ‘ನನ್ನ ಮಾತು ಕೇಳಿ’ ಎನ್ನುವುದು ಸೌಜನ್ಯದಂತೆ ಕಂಡರೂ ಅದೊಂದು ಬಲವಂತವೇ. ಗೆದ್ದವನ ಕೈಯಿಂದ ಅದು ಇನ್ನಷ್ಟು ಚುಚ್ಚುತ್ತದೆ. ವಿವರಣೆ ಕೊಡಬೇಕೆಂದಿದ್ದರೆ ರಾತ್ರಿ ಫೋನ್ ಮಾಡಬಹುದಿತ್ತು. ಹೋವರ್ಡ್ ಆ ಸಂಜೆ ಹೇಳಿದ್ದೂ ಇದನ್ನೇ: ನಾವು ಮಾತನಾಡುತ್ತಿದ್ದಾಗ ಅವರು ನನ್ನ ಮೈ ಮುಟ್ಟಿದ್ದು ಸರಿಯಲ್ಲ, ಜಗಳ ಹೆಚ್ಚಾದದ್ದು ಅದರಿಂದ. ಇಷ್ಟರಮಟ್ಟಿಗೆ ಅವರು ಹೇಳಿದ್ದು ನಿಜ. ಆದರೆ ಮುಂದುವರಿದು, ತನ್ನನ್ನು ತಾನು ಕಾಪಾಡಿಕೊಳ್ಳಬೇಕಾಯಿತು ಎಂದರಲ್ಲ, ಅದು ಒಪ್ಪುವಂಥದ್ದಲ್ಲ. ತೋಳು ಹಿಡಿದವರು ಗಾರ್ಡ್. ಹೊಡೆತ ಬಿದ್ದದ್ದು ಕ್ರಾಬೆನ್‌ಹಾಫ್ಟ್ ಅವರಿಗೆ. ನಡುವೆ ಬಿಡಿಸುವವರು ಬಂದಾಗಿತ್ತು. ಆತ್ಮರಕ್ಷಣೆಯ ಹೊತ್ತು ಕಳೆದುಹೋದ ಮೇಲೆ, ಬೇರೊಬ್ಬನ ಮೇಲೆ ಎತ್ತಿದ ಕೈ ಅದು.

ಹಿಂದಿನ ವರ್ಷದ ಪುಟ

ಆತ್ಮರಕ್ಷಣೆಯ ಮಾತನ್ನು ಹೋವರ್ಡ್ ಹಿಂದೆಯೂ ಆಡಿದ್ದರು. 2021ರ ಮಾರ್ಚ್‌ನಲ್ಲಿ, ಮಿಷಿಗನ್, ವಿಸ್ಕಾನ್ಸಿನ್ ಮೊದಲಾದ ವಿಶ್ವವಿದ್ಯಾಲಯಗಳು ಸೇರಿರುವ ಬಿಗ್ ಟೆನ್ ಒಕ್ಕೂಟದ ಟೂರ್ನಿಯಲ್ಲಿ ಮೇರಿಲ್ಯಾಂಡ್ ತಂಡದ ವಿರುದ್ಧ ಆಡುವಾಗ ಅವರಿಗೂ ಎದುರಾಳಿ ಕೋಚ್ ಮಾರ್ಕ್ ಟರ್ಜನ್ ಅವರಿಗೂ ಜೋರು ಮಾತಾಯಿತು. ಹೋವರ್ಡ್ ಅವರನ್ನು ಜೊತೆಗಿದ್ದವರು ಹಿಡಿದು ನಿಲ್ಲಿಸಬೇಕಾಯಿತು, ತೀರ್ಪುಗಾರರು ಅವರನ್ನು ಹೊರಗೆ ಕಳಿಸಿದರು. ಟರ್ಜನ್ ತನ್ನ ಮೇಲೆ ಬಂದರು ಎಂಬುದು ಆಗ ಅವರ ಸಮರ್ಥನೆ. ಷಿಕಾಗೊ ನಗರದಲ್ಲಿ, ಅಜ್ಜಿಯ ಕೈಯಲ್ಲಿ ಬೆಳೆದವನು ನಾನು, ಮೈಮೇಲೆ ಏರಿಬಂದವರಿಂದ ರಕ್ಷಿಸಿಕೊಳ್ಳಬೇಕೆಂದು ಕಲಿತವನು ಎಂದಿದ್ದರು.

ಆ ಋತುವಿನಲ್ಲೇ ಅವರನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ದೇಶದ ವರ್ಷದ ಕೋಚ್ ಎಂದು ಆರಿಸಿತ್ತು. ಅವರು ಸಾಮಾನ್ಯರೂ ಅಲ್ಲ. 1991ರಲ್ಲಿ ಮಿಷಿಗನ್ ಸೇರಿ ದೇಶವನ್ನೇ ಬೆರಗುಗೊಳಿಸಿದ ‘ಫ್ಯಾಬ್ ಫೈವ್’ ಎಂಬ ಐವರು ಹೊಸ ಆಟಗಾರರಲ್ಲಿ ಒಬ್ಬರು, ನಂತರ ವೃತ್ತಿಪರರ ಲೀಗ್ ಆದ ಎನ್‌ಬಿಎಯಲ್ಲಿ ಹತ್ತೊಂಬತ್ತು ಋತು ಆಡಿ ಮಯಾಮಿ ಹೀಟ್ ತಂಡದ ಜೊತೆ ಎರಡು ಬಾರಿ ಪ್ರಶಸ್ತಿ ಗೆದ್ದವರು. 2019ರಲ್ಲಿ ತಮ್ಮದೇ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಮರಳಿದ್ದರು. ಗೆಲ್ಲುತ್ತಿರುವ, ಜನ ಪ್ರೀತಿಸುವ, ಮನೆಮಗನಂಥ ಕೋಚ್‌ನ ಸಿಟ್ಟನ್ನು ಸಂಸ್ಥೆಗಳು ಉತ್ಸಾಹ ಎಂಬ ಖಾತೆಗೆ ಬರೆದುಕೊಳ್ಳುವುದು ಎಲ್ಲೆಡೆ ನಡೆದದ್ದೇ. ಮೇರಿಲ್ಯಾಂಡ್ ಪ್ರಸಂಗ ಹೊರಗೆ ಕಳಿಸುವುದರೊಂದಿಗೆ ಮುಗಿಯಿತು. ಅದೂ ಬಹುತೇಕ ಮೈಗೆ ಮೈ ತಾಗುವ ಹಂತಕ್ಕೆ ಹೋಗಿದ್ದ ಜಗಳ.

ಶಿಕ್ಷೆ

ಬಿಗ್ ಟೆನ್ ಒಕ್ಕೂಟ ಒಂದೇ ದಿನದಲ್ಲಿ, ಫೆಬ್ರುವರಿ 21ರಂದು, ತೀರ್ಮಾನ ಪ್ರಕಟಿಸಿತು. ಹೋವರ್ಡ್‌ಗೆ ಐದು ಪಂದ್ಯಗಳ ಅಮಾನತು ಮತ್ತು 40,000 ಡಾಲರ್ ದಂಡ. ಗಾರ್ಡ್‌ಗೆ ಅಮಾನತಿಲ್ಲ, 10,000 ಡಾಲರ್ ದಂಡ. ಡಿಯಾಬಾಟೆ, ವಿಲಿಯಮ್ಸ್, ನೀತ್ ಮೂವರಿಗೂ ಒಂದೊಂದು ಪಂದ್ಯದ ಅಮಾನತು. ಇಬ್ಬರು ಕೋಚ್‌ಗಳೂ ಒಕ್ಕೂಟದ ಕ್ರೀಡಾ ಮನೋಭಾವದ ನೀತಿಯನ್ನು ಮುರಿದಿದ್ದಾರೆ ಎಂಬುದೇ ಆಧಾರ.

ಅವಸರದ ತೀರ್ಮಾನವಾದರೂ ಒಳಗಿನ ಅನುಪಾತ ಸರಿಯಾಗಿದೆ ಎಂದೇ ನನ್ನ ಅನಿಸಿಕೆ. ಪಂದ್ಯದ ವೇಳೆ ಹೊಡೆದಾಡಿದವರಿಗೆ ಮುಂದಿನ ಪಂದ್ಯ ಇಲ್ಲ ಎಂಬುದು ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮೊದಲಿನಿಂದ ಇರುವ ನಿಯಮ. ಆಟಗಾರರ ಒಂದು ಪಂದ್ಯ ಅದಕ್ಕೆ ಹೊಂದುತ್ತದೆ. ಹುಡುಗರು ಬೀಸಿದ್ದು ಮುಷ್ಟಿ, ಕೋಚ್ ಬೀಸಿದ್ದು ಅಂಗೈ, ಆದರೂ ಕೋಚ್‌ಗೆ ಐದು ಪಟ್ಟು. ಇದರ ಬಗ್ಗೆ ಆಗ ಗೊಣಗಿದವರೂ ಇದ್ದರು. ಆದರೆ ಐವತ್ತರ ಹೊಸ್ತಿಲಲ್ಲಿರುವ ವೃತ್ತಿಪರನನ್ನೂ ಹತ್ತೊಂಬತ್ತು ಇಪ್ಪತ್ತರ ವಿದ್ಯಾರ್ಥಿಯನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಲಾಗದು. ವಿಶ್ವವಿದ್ಯಾಲಯ ಕೋಚ್‌ಗೆ ಸಂಬಳ ಕೊಡುವುದು ಆಟದ ತಂತ್ರ ಕಲಿಸಲು ಮಾತ್ರವಲ್ಲ.

ನನಗೆ ತಕರಾರಿರುವುದು ಎರಡು ಕಡೆ.

ಒಂದು, ಅಮಾನತಿನ ಬೇಲಿ. ಐದು ಪಂದ್ಯವೆಂದರೆ ಸರಿಯಾಗಿ ಆ ಋತುವಿನ ಉಳಿದ ಲೀಗ್ ಪಂದ್ಯಗಳು. ಒಕ್ಕೂಟದ ಟೂರ್ನಿಯ ಹೊತ್ತಿಗೆ, ಅದರ ಬೆನ್ನಿಗೇ ಬರುವ ರಾಷ್ಟ್ರೀಯ ಟೂರ್ನಿಯ ಹೊತ್ತಿಗೆ ಕೋಚ್ ಮರಳಿ ಬೆಂಚಿನಲ್ಲಿರುವಂತೆ ಲೆಕ್ಕ ಹೊಂದಿತ್ತು. ಟಿವಿ, ಟಿಕೆಟ್, ಪ್ರತಿಷ್ಠೆ ಎಲ್ಲವೂ ಇರುವುದು ಮಾರ್ಚ್ ತಿಂಗಳಲ್ಲಿ. ಶಿಕ್ಷೆ ಆ ತಿಂಗಳ ಮೊದಲ ವಾರ ದಾಟಲಿಲ್ಲ.

ಎರಡು, ದಂಡದ ಹಣ. ಗಾರ್ಡ್ ಅವರ 10,000 ಡಾಲರನ್ನು ವಿಶ್ವವಿದ್ಯಾಲಯವೇ ಕಟ್ಟುತ್ತದೆ ಎಂದು ವಿಸ್ಕಾನ್ಸಿನ್ ಕ್ರೀಡಾ ನಿರ್ದೇಶಕ ಕ್ರಿಸ್ ಮ್ಯಾಕಿಂಟೋಷ್ ಬಹಿರಂಗವಾಗಿ ಹೇಳಿದರು. ನಮ್ಮ ಕೋಚ್ ತಪ್ಪು ಮಾಡಿಲ್ಲ, ನಾವು ಅವರ ಬೆನ್ನಿಗಿದ್ದೇವೆ ಎಂದು ಸಾರುವ ಉದ್ದೇಶ ಅದರಲ್ಲಿದ್ದಿರಬೇಕು. ಅದು ಅರ್ಥವಾಗುವಂಥದ್ದೇ. ಆದರೆ ಶಿಸ್ತಿನ ಕ್ರಮವೊಂದನ್ನು ಸಂಸ್ಥೆ ತನ್ನ ಜೇಬಿನಿಂದ ತೀರಿಸಿದ ಮೇಲೆ ಅದು ಆ ವ್ಯಕ್ತಿಗೆ ತಗಲುವುದೇ ಇಲ್ಲ. ಅತ್ತ ಹೋವರ್ಡ್‌ಗೆ ಹಾಕಿದ 40,000 ಕೇಳಲು ದೊಡ್ಡದು. 2019ರಲ್ಲಿ ಅವರು ಸೇರಿದಾಗಿನ ಒಪ್ಪಂದ ವರ್ಷಕ್ಕೆ 20 ಲಕ್ಷ ಡಾಲರ್‌ನಿಂದ ಶುರುವಾಗಿತ್ತು. ಆ ಹಳೆಯ ದರದಲ್ಲೇ ಲೆಕ್ಕ ಹಾಕಿದರೂ ದಂಡ ಹೆಚ್ಚುಕಡಿಮೆ ಒಂದು ವಾರದ ಸಂಬಳ. ಅಂಥವರಿಗೆ ನೋವಾಗುವುದು ಬೆಂಚಿನಿಂದ ದೂರ ಇರಿಸಿದಾಗ, ಹಣ ಕಿತ್ತುಕೊಂಡಾಗಲ್ಲ.

ಹಿಂದಿನ ಉದಾಹರಣೆಗಳ ಪಕ್ಕದಲ್ಲಿಟ್ಟರೆ ಐದು ಪಂದ್ಯ ಕಡಿಮೆಯೇನಲ್ಲ. 1985ರಲ್ಲಿ ಇಂಡಿಯಾನಾ ತಂಡದ ಕೋಚ್ ಬಾಬ್ ನೈಟ್ ಕೋರ್ಟಿಗೆ ಕುರ್ಚಿ ಎಸೆದಾಗ ಸಿಕ್ಕದ್ದು ಒಂದು ಪಂದ್ಯದ ಅಮಾನತು. 1994ರ ಫೆಬ್ರುವರಿಯಲ್ಲಿ ಟೆಂಪಲ್ ತಂಡದ ಕೋಚ್ ಜಾನ್ ಚೇನಿ, ಒಂದು ಅಂಕದಿಂದ ಸೋತ ಉರಿಯಲ್ಲಿ ಮ್ಯಾಸಚುಸೆಟ್ಸ್ ಕೋಚ್ ಜಾನ್ ಕ್ಯಾಲಿಪಾರಿ ಅವರ ಪತ್ರಿಕಾಗೋಷ್ಠಿಗೆ ನುಗ್ಗಿ ಕೊಲ್ಲುತ್ತೇನೆಂದು ಕೂಗಾಡಿದರು, ಹಿಡಿದು ನಿಲ್ಲಿಸುವವರು ಇಲ್ಲದಿದ್ದರೆ ಕೈಗೆ ಕೈ ಹತ್ತುತ್ತಿತ್ತು. ಅದಕ್ಕೂ ಒಂದೇ ಪಂದ್ಯ. ಇನ್ನೊಂದು ತುದಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಕೋಚ್ ವುಡಿ ಹೇಯ್ಸ್ ಇದ್ದಾರೆ. 1978ರ ಡಿಸೆಂಬರ್ 29ರ ಗೇಟರ್ ಬೌಲ್ ಪಂದ್ಯದಲ್ಲಿ ಎದುರಾಳಿ ಆಟಗಾರನಿಗೆ ಗುದ್ದಿದ ಅವರನ್ನು ಓಹಾಯೊ ಸ್ಟೇಟ್ ಮರುದಿನವೇ ತೆಗೆದುಹಾಕಿತು, 28 ಋತುಗಳ ಸೇವೆಯನ್ನು ನೋಡಲಿಲ್ಲ. ಆದರೆ ಹೇಯ್ಸ್ ಹೊಡೆದದ್ದು ಒಬ್ಬ ವಿದ್ಯಾರ್ಥಿಯನ್ನು. ಆ ವ್ಯತ್ಯಾಸ ಸಣ್ಣದಲ್ಲ.

ನಮ್ಮ ಕಡೆಯ ಓದುಗರಿಗೆ ಇಲ್ಲಿ ಮೊಹಾಲಿ ನೆನಪಾಗದೆ ಇರದು. 2008ರ ಏಪ್ರಿಲ್ 25ರಂದು ಐಪಿಎಲ್ ಪಂದ್ಯ ಮುಗಿದು ಕೈಕುಲುಕುವ ಹೊತ್ತಿನಲ್ಲೇ ಹರಭಜನ್ ಸಿಂಗ್ ಶ್ರೀಶಾಂತ್‌ಗೆ ಕಪಾಳಕ್ಕೆ ಹೊಡೆದರು, ಆ ಋತುವಿನ ಉಳಿದ ಪಂದ್ಯಗಳಿಂದ ಹೊರಬಿದ್ದರು. 2023ರ ಮೇ 1ರಂದು ಲಖನೌದಲ್ಲಿ ಆರ್‌ಸಿಬಿ ಗೆದ್ದ ಮೇಲೆ ವಿರಾಟ್ ಕೊಹ್ಲಿ ಮತ್ತು ಎದುರಾಳಿ ತಂಡದ ಮೆಂಟರ್ ಗೌತಮ್ ಗಂಭೀರ್ ಜಗಳಕ್ಕೆ ನಿಂತದ್ದೂ ಕೈಕುಲುಕುವ ಶಾಸ್ತ್ರದ ಬೆನ್ನಿಗೇ. ಅಲ್ಲಿ ಯಾರೂ ಯಾರ ಮೇಲೂ ಕೈ ಮಾಡಲಿಲ್ಲ. ಇಬ್ಬರಿಗೂ ಪಂದ್ಯ ಶುಲ್ಕದ ನೂರಕ್ಕೆ ನೂರು ದಂಡ. ಆಟಗಾರನಿಗೂ ಮೆಂಟರ್‌ಗೂ ಒಂದೇ ಅಳತೆ ಹಿಡಿದ ಆ ತೀರ್ಮಾನಕ್ಕಿಂತ ಬಿಗ್ ಟೆನ್ ಅನುಪಾತ ಮೇಲು.

ಕ್ಷಮೆ ಮತ್ತು ನಂತರದ ಐದು ಪಂದ್ಯ

ಭಾನುವಾರ ಸಂಜೆ ಆತ್ಮರಕ್ಷಣೆಯ ಮಾತಾಡಿದ ಹೋವರ್ಡ್ ಸೋಮವಾರ ಬೇರೆ ದನಿಯಲ್ಲಿ ಮಾತಾಡಿದರು. ತನ್ನ ನಡೆಯೂ ನುಡಿಯೂ ಒಪ್ಪತಕ್ಕವಲ್ಲ ಎಂದರು. ಕ್ರಾಬೆನ್‌ಹಾಫ್ಟ್ ಅವರ ಹೆಸರು ಹಿಡಿದು, ಅವರ ಕುಟುಂಬವನ್ನೂ ಸೇರಿಸಿ ಕ್ಷಮೆ ಕೇಳಿದರು. ತನ್ನ ಆಟಗಾರರು, ಅವರ ಮನೆಯವರು, ಸಿಬ್ಬಂದಿ, ಅಭಿಮಾನಿಗಳಲ್ಲೂ ಕೇಳಿದರು. ಮಿಷಿಗನ್‌ನ ಹೆಸರಿಗೆ ತಕ್ಕಂತೆ ನಡೆದುಕೊಳ್ಳಬೇಕೆಂದು ಸದಾ ಹೇಳುವ ನಾನೇ ಹಾಗೆ ನಡೆಯಲಿಲ್ಲ, ವಿದ್ಯಾರ್ಥಿಗಳಿಗೆ ಮಾದರಿಯಾಗಲಿಲ್ಲ ಎಂದು ಒಪ್ಪಿಕೊಂಡರು. ಶಿಕ್ಷೆಯ ದಿನವೇ ಬಂದ ಕ್ಷಮೆಯಲ್ಲಿ ವಕೀಲರ, ಸಂಪರ್ಕ ವಿಭಾಗದವರ ಕೈ ಎಷ್ಟು ಎಂದು ಸಂಶಯಪಡಬಹುದು. ಆದರೂ ‘ಯಾರಿಗಾದರೂ ನೋವಾಗಿದ್ದರೆ’ ಎಂಬ ನುಣುಚು ಮಾತು ಅದರಲ್ಲಿರಲಿಲ್ಲ, ಟೈಮ್‌ಔಟ್‌ನ ನೆಪವನ್ನೂ ಎಳೆದು ತರಲಿಲ್ಲ.

ಅಮಾನತಿನ ಅವಧಿಯಲ್ಲಿ ತಂಡ ನಡೆಸಿದವರು ಸಹಾಯಕ ಕೋಚ್ ಫಿಲ್ ಮಾರ್ಟೆಲಿ. ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ಸ್ ತಂಡವನ್ನು ಇಪ್ಪತ್ತನಾಲ್ಕು ವರ್ಷ ನಡೆಸಿದ ಹಳೆಯ ಹುಲಿ. ಮಿಷಿಗನ್ ರಟ್ಗರ್ಸ್ ವಿರುದ್ಧ ಗೆದ್ದಿತು, ಇಲಿನಾಯ್‌ಗೆ ಸೋತಿತು, ಮಿಷಿಗನ್ ಸ್ಟೇಟ್ ವಿರುದ್ಧ 87–70ರಿಂದ ಗೆದ್ದಿತು, ಅಯೋವಾಗೆ ಸೋತಿತು, ಓಹಾಯೊ ಸ್ಟೇಟ್ ವಿರುದ್ಧ ಅವರದೇ ಅಂಗಳದಲ್ಲಿ ಗೆದ್ದಿತು. ಮ್ಯಾಡಿಸನ್‌ನಿಂದ ಹೊರಟಾಗ 14 ಗೆಲುವು, 11 ಸೋಲು ಇದ್ದ ತಂಡ ರಾಷ್ಟ್ರೀಯ ಟೂರ್ನಿಗೆ ಅರ್ಹತೆ ಪಡೆಯುವಷ್ಟು ಚೇತರಿಸಿಕೊಂಡದ್ದು ಈ ಐದು ಪಂದ್ಯಗಳಲ್ಲಿ. ಮುಖ್ಯ ಕೋಚ್ ಇಲ್ಲದಿದ್ದರೆ ತಂಡ ಕುಸಿಯುತ್ತದೆ, ಶಿಕ್ಷೆ ಅಮಾಯಕ ಹುಡುಗರಿಗೆ ಬೀಳುತ್ತದೆ ಎಂಬ ವಾದವನ್ನು ಇಂಥ ಪ್ರಕರಣಗಳಲ್ಲಿ ತಪ್ಪದೆ ಮುಂದಿಡುತ್ತಾರೆ. ಇಲ್ಲಿ ಅದು ನಿಲ್ಲಲಿಲ್ಲ.

ಹೋವರ್ಡ್ ಮರಳಿದ ಮೇಲೆ ಮಿಷಿಗನ್ ಕೊಲೊರಾಡೊ ಸ್ಟೇಟ್ ಮತ್ತು ಟೆನಿಸಿ ತಂಡಗಳನ್ನು ಸೋಲಿಸಿ ಕೊನೆಯ ಹದಿನಾರರ ಘಟ್ಟ ತಲುಪಿತು. ಟೆನಿಸಿ ಪಂದ್ಯ ಮುಗಿದಾಗ ಅಳುತ್ತಿದ್ದ ಎದುರಾಳಿ ಆಟಗಾರ ಕೆನಡಿ ಚಾಂಡ್ಲರ್‌ನನ್ನು ಹೋವರ್ಡ್ ತಬ್ಬಿಕೊಂಡು ಸಮಾಧಾನ ಮಾಡಿದ ಚಿತ್ರ ಎಲ್ಲೆಡೆ ಹರಡಿತು. ಅದನ್ನು ಕೆಲವರು ಪ್ರಾಯಶ್ಚಿತ್ತವೆಂದು ಬರೆದರು. ನಾನು ಅಷ್ಟು ದೂರ ಹೋಗುವುದಿಲ್ಲ. ಹೋವರ್ಡ್ ಹುಡುಗರ ವಿಷಯದಲ್ಲಿ ಮೊದಲಿನಿಂದಲೂ ಮೃದುವೇ, ಅವರ ತೊಡಕು ಇದ್ದದ್ದು ತನ್ನ ಸರೀಕರ ಜೊತೆ. ಎದುರು ಬೆಂಚಿನ ಕೋಚ್ ತನ್ನನ್ನು ಕಡೆಗಣಿಸಿದ ಎನಿಸಿದಾಗ ಮಾತ್ರ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು.

ಸಾಲನ್ನೇ ತೆಗೆದುಬಿಡಬೇಕೆ

ಘಟನೆಯ ಮರುದಿನದಿಂದಲೇ ಕೈಕುಲುಕುವ ಸಾಲು ಬೇಡ ಎಂಬ ಮಾತು ಎದ್ದಿತು. ಎನ್‌ಬಿಎಯಲ್ಲಿ ಅಂಥ ಕಡ್ಡಾಯದ ಸಾಲಿಲ್ಲ, ಬೇಕಾದವರು ಬೇಕಾದವರನ್ನು ಮಾತಾಡಿಸಿ ಹೋಗುತ್ತಾರೆ, ಕಾಲೇಜಿನಲ್ಲೂ ಹಾಗೇ ಇರಲಿ ಎಂದವರುಂಟು. ಮಿಷಿಗನ್ ಸ್ಟೇಟ್‌ನ ಹಿರಿಯ ಕೋಚ್ ಟಾಮ್ ಇಜೊ ಇದನ್ನು ಕಟುವಾಗಿ ವಿರೋಧಿಸಿದರು: ಸೋತ ನಂತರವೂ ಎದುರಿನವನ ಕೈ ಹಿಡಿಯುವುದನ್ನು ಕಲಿಸಲಾರದಿದ್ದರೆ ನಾವು ಮತ್ತೇನು ಕಲಿಸುತ್ತಿದ್ದೇವೆ ಎಂಬುದು ಅವರ ವಾದದ ತಿರುಳು.

ಇಜೊ ಹೇಳಿದ್ದು ಸರಿ. ಆದರೆ ಸಾಲನ್ನು ಈಗಿರುವಂತೆಯೇ ಬಿಡಬೇಕಾಗಿಲ್ಲ. ಮುಖ್ಯ ಕೋಚ್‌ಗಳಿಬ್ಬರೂ ಸಾಲಿನಿಂದ ಹೊರಗೆ, ಮಧ್ಯಗೆರೆಯ ಬಳಿ, ತೀರ್ಪುಗಾರರ ಕಣ್ಣೆದುರು ಕೈಕುಲುಕಿ ಪಕ್ಕಕ್ಕೆ ಸರಿಯಬಹುದು, ಹುಡುಗರ ಸಾಲು ಆಮೇಲೆ ಸಾಗಬಹುದು. ಹಾಗಾದರೆ ಇಬ್ಬರು ಹಿರಿಯರ ವ್ಯಾಜ್ಯ ಇಪ್ಪತ್ತು ಮೂವತ್ತು ಮಂದಿಯ ನಡುವೆ ಬೀಳುವುದಿಲ್ಲ. ಮ್ಯಾಡಿಸನ್‌ನಲ್ಲಿ ಗಾರ್ಡ್ ಹೋವರ್ಡ್ ಅವರನ್ನು ತಡೆದಾಗ ಇಡೀ ಸಾಲು ಹಿಂದಿನಿಂದ ಬಂದು ಒತ್ತಿಕೊಂಡಿತ್ತು. ಗುಂಪು ಕಟ್ಟಿದ್ದು ಹಾಗೆ. ಸಾಲಿನಲ್ಲಿ ಯಾರನ್ನೂ ತಡೆಯಕೂಡದು, ಹೇಳುವುದಿದ್ದರೆ ನಂತರ ಹೇಳಿ ಎಂಬ ಸಣ್ಣ ಕಟ್ಟುಪಾಡು ಒಕ್ಕೂಟದ ನೀತಿಯಲ್ಲಿ ಬಂದರೂ ಸಾಕು.

ಸಹಾಯಕ ಕೋಚ್‌ಗಳ ಪಾತ್ರವನ್ನು ಒಕ್ಕೂಟ ಸಾಕಷ್ಟು ನೋಡಲಿಲ್ಲ ಎಂಬ ಕೊರಗೂ ನನಗಿದೆ. ಇಬ್ಬರು ಮುಖ್ಯ ಕೋಚ್‌ಗಳನ್ನು ಬಿಡಿಸಿದ ಮೇಲೆ ಅವರವರನ್ನು ಅವರವರ ಕಡೆಗೆ ಎಳೆದೊಯ್ಯಬೇಕಾದ ಸಹಾಯಕರೇ ಎದುರಿನವರ ಜೊತೆ ವಾದಕ್ಕೆ ನಿಂತರು. ಮೂರನೆಯ ಹಂತ ಅದು. ಹೊಡೆತ ಬಿದ್ದದ್ದು ಆ ಅವಧಿಯಲ್ಲಿ. ಹೊಡೆದವನ ತಪ್ಪನ್ನು ಇದು ತಗ್ಗಿಸುವುದಿಲ್ಲ. ಆದರೆ ಮುಂದಿನ ಸಲ ತಡೆಯುವ ಕೆಲಸ ಯಾರದು ಎಂದು ಕೇಳಿದರೆ ಮೊದಲು ಬರುವುದು ಆ ಸಹಾಯಕರ ಹೆಸರು. ಬೆಂಚಿನಲ್ಲಿ ಕುಳಿತವರಲ್ಲಿ ಯಾರು ಕೋಚ್‌ನನ್ನು ಹಿಡಿಯಬೇಕು, ಯಾರು ಹುಡುಗರನ್ನು ಒಳಕ್ಕೆ ಕಳಿಸಬೇಕು ಎಂಬುದನ್ನು ಋತುವಿನ ಮೊದಲೇ ಗೊತ್ತುಮಾಡಿಕೊಳ್ಳುವುದು ಕಷ್ಟದ ಮಾತೇನಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. ಆ ಋತುವಿನಲ್ಲಿ ವಿಸ್ಕಾನ್ಸಿನ್ ಬಿಗ್ ಟೆನ್ ಲೀಗ್ ಪ್ರಶಸ್ತಿಯನ್ನು ಇಲಿನಾಯ್ ಜೊತೆ ಹಂಚಿಕೊಂಡಿತು. ಹೋವರ್ಡ್ 2023ರ ಸೆಪ್ಟೆಂಬರ್‌ನಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದರು. ಆ ಡಿಸೆಂಬರ್‌ನಲ್ಲಿ, ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗಲೇ, ಮಿಷಿಗನ್ ತಂಡದ ದೇಹದಾರ್ಢ್ಯ ತರಬೇತುದಾರರೊಂದಿಗೆ ಅವರಿಗೆ ಜಗಳವಾಯಿತು. ವಿಶ್ವವಿದ್ಯಾಲಯ ಆಂತರಿಕ ಪರಿಶೀಲನೆ ನಡೆಸಿ ಯಾರ ಮೇಲೂ ಶಿಸ್ತುಕ್ರಮ ಬೇಕಿಲ್ಲ ಎಂದಿತು. 2024ರ ಮಾರ್ಚ್ 15ರಂದು ಅವರನ್ನು ವಜಾ ಮಾಡಿತು. ಆ ಹೊತ್ತಿಗೆ ತಂಡ 8 ಗೆದ್ದು 24 ಸೋತಿತ್ತು. ಮೂರು ವರ್ಷದ ಮೂರು ಜಗಳಗಳಿಗೆ ಹೋಗದ ಕೆಲಸ ಒಂದು ಋತುವಿನ ಸೋಲಿಗೆ ಹೋಯಿತು.